ಪ್ರಣಯಕಾದಂಬರಿಗಳಲ್ಲಿ ವಿಪ್ರಲಂಭಹೇತುವಿನ ವಿಚಾರ

೧

ಕನ್ನಡದಲ್ಲಿ ಪ್ರಣಯಪ್ರಧಾನವಾದ ಕಾದಂಬರಿಗಳಿಗೆ ಓದುವವರ ಕೊರತೆಯು ಎಂದೂ ಉಂಟಾದುದಿಲ್ಲ. ವಿಚಾರಿಸುವವರ ಕೊರತೆಯು ಮಾತ್ರ ಉಂಟು. ಹಳೆಯ ಪದ್ಧತಿಯಲ್ಲಿ ಓದಿದ ಪಂಡಿತರು ಇವನ್ನು ಕಾಲಕ್ಷೇಪದ ಪುಸ್ತಕಗಳೆಂದು ಬದಿಗಿಡುವರು. ಹೊಸ ಪದ್ಧತಿಯಲ್ಲಿ ಓದಿದ ಅಧ್ಯಾಪಕರು ಇವುಗಳಲ್ಲಿ ಸಮಾಜದ ಸ್ಥಿತಿಗತಿಗಳನ್ನು ಹುಡುಕುವರು. ನಾಯಕನಾಯಿಕೆಯರ ಅನುರಾಗವು ಅವರಿಗೆ ಕೇವಲ ಒಂದು ನೆಪವಾಗಿ ಕಾಣುವುದು. ಈ ಎರಡು ಪಕ್ಷಗಳಲ್ಲಿಯೂ ಶೃಂಗಾರವು ಒಂದು ರಸವೆಂಬ ದೃಷ್ಟಿಯಿಂದ ಪರೀಕ್ಷಿಸಲ್ಪಡುವುದಿಲ್ಲ. ಇತ್ತ ಅಲಂಕಾರಶಾಸ್ತ್ರವಾದರೋ ತರಗತಿಯಲ್ಲಿ ಲಕ್ಷಣಗಳ ಪಟ್ಟಿಯಾಗಿ ಕಂಠಸ್ಥವಾಗಿ, ಪರೀಕ್ಷೆಯ ಮರುದಿನವೇ ಮರೆತುಹೋಗುವುದು. ಓದುವ ಗ್ರಂಥಕ್ಕೂ ಕಲಿಯುವ ಶಾಸ್ತ್ರಕ್ಕೂ ಸಂಬಂಧವೇ ಇಲ್ಲವೆಂಬ ಭಾವನೆಯು ವಿದ್ಯಾರ್ಥಿಗಳಲ್ಲಿ ಬೇರೂರಿರುವುದಕ್ಕೆ ಇದೇ ಕಾರಣ.

ಈ ಉಪೇಕ್ಷೆಯು ಆಶ್ಚರ್ಯಕರವಾದುದು. ಏಕೆಂದರೆ ಈ ಗ್ರಂಥಜಾತಿಯ ಹೆಸರೇ ಶೃಂಗಾರದಿಂದ ಬಂದುದು. ಬಂಗಾಳಿಗಳು ಇದನ್ನು ಉಪನ್ಯಾಸವೆಂದೂ ತೆಲುಗರು ನವಲವೆಂದೂ ಕರೆಯುವರು. ಮರಾಠಿಗರೂ ಕನ್ನಡಿಗರೂ ಬಾಣಭಟ್ಟನ ನಾಯಿಕೆಯ ಹೆಸರನ್ನು ತೆಗೆದು ಇಡೀ ಜಾತಿಗೇ ಇಟ್ಟರು. ಹತ್ತನೆಯ ಶತಮಾನದ ಕೊನೆಯ ಭಾಗದವನೆಂದು ಎಣಿಸಲ್ಪಡುವ ನಾಗವರ್ಮನು ಆ ಕಥೆಯನ್ನು ಕನ್ನಡದಲ್ಲಿ ಚಂಪೂರೂಪಕ್ಕೆ ತಂದನು. ಹನ್ನೆರಡನೆಯ ಶತಮಾನದ ನೇಮಿಚಂದ್ರನು ‘ಲೀಲಾವತೀಪ್ರಬಂಧ’ದಲ್ಲಿ ಸುಬಂಧುವಿನ ‘ವಾಸವದತ್ತೆ’ಯ ಮಾರ್ಗವನ್ನು ಹಿಡಿದನು. ಪ್ರಣಯಕಥೆಯು ಕನ್ನಡಕ್ಕೆ ಹೊರಗಿನಿಂದ ನೆನ್ನೆ ಮೊನ್ನೆ ಬಂದ ಅತಿಥಿಯಲ್ಲ; ಸಹಸ್ರವರ್ಷಗಳಿಂದ ಮನೆಯಲ್ಲಿಯೇ ಇರುವ ದೊಡ್ಡ ಮಗಳು.

ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (೧೮೯೯), ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭), ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ (೧೯೬೫), ತ್ರಿವೇಣಿಯವರ ‘ಬೆಳ್ಳಿಮೋಡ’ ಎಂಬ ನಾಲ್ಕು ಗ್ರಂಥಗಳನ್ನು ಒಂದಾದ ಮೇಲೊಂದರಂತೆ ಓದಿದ ಸಹೃದಯನಿಗೆ ಒಂದು ಪ್ರಶ್ನೆಯು ತಾನಾಗಿಯೇ ಹುಟ್ಟುವುದು. ನಾಲ್ಕರಲ್ಲಿಯೂ ಸ್ತ್ರೀಪುರುಷರ ಅನುರಾಗವುಂಟು. ನಾಲ್ಕರಲ್ಲಿಯೂ ಆ ಅನುರಾಗಕ್ಕೆ ಒಂದು ತಡೆಯುಂಟು. ಆದರೆ ತಡೆಯು ಒಂದೊಂದರಲ್ಲಿ ಒಂದೊಂದು ಬಗೆಯದು. ಅದು ಬೀಳುವ ರೀತಿಯೂ, ಬೀಳದೆ ಉಳಿಯುವ ರೀತಿಯೂ ಬೇರೆ ಬೇರೆ. ಪ್ರಣಯಕಥೆಯ ಸತ್ತ್ವವು ನಾಯಕನಾಯಿಕೆಯರ ಸೌಂದರ್ಯದಲ್ಲಾಗಲಿ ಸಮಾಗಮದ ವರ್ಣನೆಯಲ್ಲಾಗಲಿ ಇರುವುದಿಲ್ಲ. ಅವರನ್ನು ಅಗಲಿಸುವ ಹೇತುವು ಎಷ್ಟು ಸಾಚಾ ಎಂಬುದರಲ್ಲಿ ಇರುವುದು. ಈ ಅಭಿಪ್ರಾಯವನ್ನು ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ವಿಪ್ರಲಂಭವಿಲ್ಲದೆ ಸಂಭೋಗಶೃಂಗಾರವು ಪುಷ್ಟಿಗೊಳ್ಳದೆಂಬುದು ಆಲಂಕಾರಿಕರ ಸಿದ್ಧಾಂತ. ಮಮ್ಮಟನು ವಿಪ್ರಲಂಭಕ್ಕೆ ಅಭಿಲಾಷ, ವಿರಹ, ಈರ್ಷ್ಯೆ, ಪ್ರವಾಸ, ಶಾಪ ಎಂದು ಐದು ಹೇತುಗಳನ್ನು ಹೇಳುವನು. ವಿಶ್ವನಾಥನು ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕಾಗಿ ವಿಂಗಡಿಸುವನು. ಎಣಿಕೆಯು ಹೇಗೇ ಇರಲಿ, ಇವುಗಳಲ್ಲಿ ಎರಡು ಬಗೆಗಳು ಸ್ಪಷ್ಟವಾಗಿವೆ. ಈರ್ಷ್ಯೆ ಅಥವಾ ಮಾನವೆಂಬುದು ನಾಯಿಕೆಯ ಒಳಗಿನಿಂದ ಏಳುವ ತಡೆ. ಪ್ರವಾಸ ಶಾಪಾದಿಗಳು ಹೊರಗಿನಿಂದ ಬೀಳುವ ತಡೆಗಳು.

ಪ್ರಾಚೀನ ಗದ್ಯಕಥೆಗಳು ಪ್ರಾಯಶಃ ಹೊರಗಿನ ತಡೆಗಳನ್ನೇ ಆಶ್ರಯಿಸಿದವು. ‘ಕಾದಂಬರಿ’ಯಲ್ಲಿ ಪುಂಡರೀಕನು ವಿರಹತಾಪದಿಂದ ಸಾಯುತ್ತ ಚಂದ್ರನನ್ನು ಶಪಿಸುವನು, ಚಂದ್ರನು ಪ್ರತಿಶಾಪವನ್ನು ಕೊಡುವನು. ಚಂದ್ರನು ಚಂದ್ರಾಪೀಡನಾಗಿಯೂ ಪುಂಡರೀಕನು ವೈಶಂಪಾಯನನಾಗಿಯೂ ಹುಟ್ಟುವರು. ಮಹಾಶ್ವೇತೆಯು ತಿಳಿಯದೆ ಕೊಟ್ಟ ಶಾಪದಿಂದ ವೈಶಂಪಾಯನನು ಗಿಳಿಯಾಗುವನು. ಜನ್ಮಾಂತರಗಳು ಕಳೆದ ಮೇಲೆ ಶಾಪವು ತೀರಿ ಸಮಾಗಮವಾಗುವುದು. ‘ಲೀಲಾವತಿ’ಯಲ್ಲಿ ಕಂದರ್ಪದೇವನೂ ಲೀಲಾವತಿಯೂ ಒಬ್ಬರನ್ನೊಬ್ಬರು ಕನಸಿನಲ್ಲಿ ಕಾಣುವರು, ಅರಸುವಿಕೆಯೇ ಕಥೆಯಾಗುವುದು. ಈ ಶಾಪಸ್ವಪ್ನಗಳನ್ನು ಕಂಡು ನಗುವ ನವೀನರಿಗೆ ಇವುಗಳ ಪ್ರಯೋಜನವು ತಿಳಿದಂತಿಲ್ಲ. ತಡೆಯು ಶಾಪದಿಂದ ಬಂದುದಾದರೆ ನಾಯಕನೂ ದೋಷಿಯಲ್ಲ, ನಾಯಿಕೆಯೂ ದೋಷಿಯಲ್ಲ. ರತಿಯು ಕಲೆಯಿಲ್ಲದೆ ಉಳಿಯುವುದು. ಶಾಪವು ಅನುರಾಗವನ್ನು ಒರೆಗೆ ಹಚ್ಚುವುದೇ ಹೊರತು ಕೆಡಿಸುವುದಿಲ್ಲ.

ಇನ್ನೊಂದು ಪರಿಭಾಷೆಯನ್ನೂ ಇಲ್ಲಿ ನೆನೆಯಬೇಕು. ಅನೌಚಿತ್ಯದಿಂದ ಪ್ರವೃತ್ತವಾದ ರಸವು ರಸಾಭಾಸವೆನಿಸುವುದು. ನೋಡುವುದಕ್ಕೆ ರಸದಂತೆ ಇದ್ದು ವಿಚಾರಿಸಿದರೆ ರಸವಲ್ಲದುದು ಆಭಾಸ. ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಶೃಂಗಾರಾಭಾಸದ ಸ್ಥಳಗಳನ್ನು ಎಣಿಸುವಾಗ ಹೇಳುವವುಗಳಲ್ಲಿ ಎರಡು ಇಲ್ಲಿ ಪ್ರಸ್ತುತವಾದುವು: ರತಿಯು ಇಬ್ಬರಲ್ಲಿಯೂ ನೆಲೆಸದೆ ಒಬ್ಬರಲ್ಲಿ ಮಾತ್ರ ಇರುವುದು ಒಂದು, ಅಧಮಪಾತ್ರಗಳಲ್ಲಿ ರತಿಯನ್ನು ಹೇಳುವುದು ಮತ್ತೊಂದು. ಭರತಮುನಿಯು ಶೃಂಗಾರವನ್ನು ಉತ್ತಮಪ್ರಕೃತಿಯ ಯುವಕಯುವತಿಯರಲ್ಲಿ ಇಟ್ಟಿರುವುದೇ ಎರಡನೆಯದಕ್ಕೆ ಮೂಲ. ಈ ಎರಡು ಮಾತುಗಳಲ್ಲಿ ಒಂದು ಇಂದಿಗೂ ಹರಿತವಾದ ಆಯುಧವೆಂಬುದೂ, ಮತ್ತೊಂದು ಪುನರ್ವಿಚಾರವನ್ನು ಬಯಸುವುದೆಂಬುದೂ ಮೇಲಿನ ನಾಲ್ಕು ಕಾದಂಬರಿಗಳಿಂದ ತಿಳಿದುಬರುವುದು.

೩

‘ಇಂದಿರಾಬಾಯಿ’ಯು ‘ಸದ್ಧರ್ಮವಿಜಯ’ವೆಂಬ ಎರಡನೆಯ ಹೆಸರಿನೊಡನೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂಬ ಗೌರವವು ಇದಕ್ಕೆ ಸಲ್ಲುತ್ತಿದೆ. ಬಾಲವಿಧವೆಯಾದ ಇಂದಿರೆಯನ್ನು ತಾಯಿತಂದೆಗಳು ಕಪಟಸಂತರ ಸಹವಾಸಕ್ಕೆ ದೂಡುವರು. ಅವಳು ಮನೆಯನ್ನು ಬಿಟ್ಟು ಅಮೃತರಾಯನ ಆಶ್ರಯವನ್ನು ಸೇರಿ ವಿದ್ಯೆಯನ್ನು ಕಲಿಯುವಳು. ವಿಲಾಯತಿಯಲ್ಲಿ ಓದಿ ಅಧಿಕಾರಿಯಾಗಿ ಬಂದ ಭಾಸ್ಕರನನ್ನು ಮದುವೆಯಾಗುವಳು. ವಿಧವಾವಿವಾಹಕ್ಕೆ ಸಮ್ಮತಿಯನ್ನು ಕೊಟ್ಟ ಕಾಯಿದೆಯು ೧೮೫೬ರಲ್ಲಿಯೇ ಆಗಿದ್ದಿತು; ನಾಲ್ವತ್ತಮೂರು ವರ್ಷಗಳ ಮೇಲೆಯೂ ಕಾಯಿದೆಯು ಕೊಟ್ಟುದನ್ನು ಜಾತಿಯು ಕೊಟ್ಟಿರಲಿಲ್ಲ. ಆದುದರಿಂದ ಇಲ್ಲಿಯ ತಡೆಯು ಕಲ್ಪಿತವಾದುದಲ್ಲ. ಗ್ರಂಥಕರ್ತರ ಕಣ್ಣೆದುರಿಗೇ ಇದ್ದುದು.

ಇಷ್ಟು ಗಟ್ಟಿಯಾದ ಹೇತುವಿದ್ದರೂ ಶೃಂಗಾರವು ಏಕೆ ಪುಷ್ಟಿಗೊಳ್ಳಲಿಲ್ಲ? ತಡೆಯು ಇಂದಿರೆಗೂ ಭಾಸ್ಕರನಿಗೂ ನಡುವೆ ನಿಲ್ಲದಿರುವುದೇ ಕಾರಣ. ಅದು ಇಂದಿರೆಗೂ ಅವಳ ಜನರಿಗೂ ನಡುವೆ ನಿಂತಿದೆ. ಅವಳು ತವರನ್ನು ಬಿಟ್ಟು ಹೊರಟ ದಿನವೇ ನಿಜವಾದ ಸಮರವು ಮುಗಿಯಿತು. ಭಾಸ್ಕರನು ಜಯದ ಪಾರಿತೋಷಕವಾಗಿ ಬರುವನು. ಅವರಿಬ್ಬರ ಅನುರಾಗವು ಮೊಳೆತು ಬೆಳೆದ ಬಗೆಗಿಂತ ಸಂತರ ಕಪಟವನ್ನು ಬಯಲಿಗೆಳೆಯುವುದರಲ್ಲಿ ಲೇಖನಿಯು ಹೆಚ್ಚು ಉತ್ಸಾಹದಿಂದ ಓಡುವುದು. ಮಮ್ಮಟನು ಉಪದೇಶವನ್ನು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತ ಎಂದು ಮೂರಾಗಿ ವಿಂಗಡಿಸಿ, ಕಾವ್ಯಕ್ಕೆ ಮೂರನೆಯದನ್ನು ಮೀಸಲಿಟ್ಟನು. ‘ಇಂದಿರಾಬಾಯಿ’ಯು ಹೆಚ್ಚಾಗಿ ಸುಹೃತ್ಸಮ್ಮಿತದಲ್ಲಿಯೂ ಕೆಲವೆಡೆ ಪ್ರಭುಸಮ್ಮಿತದಲ್ಲಿಯೂ ಮಾತನಾಡುವುದು. ಬಂಗಾಳಿಗಳು ಕಾದಂಬರಿಗೆ ಇಟ್ಟ ‘ಉಪನ್ಯಾಸ’ವೆಂಬ ಹೆಸರನ್ನು ಕನ್ನಡದ ಅರ್ಥದಲ್ಲಿಯೇ ಹಿಡಿದರೂ ಈ ಗ್ರಂಥಕ್ಕೆ ಒಪ್ಪುವುದು.

ಆದರೂ ಇದನ್ನು ಕೇವಲ ದೋಷವೆನ್ನುವುದು ನ್ಯಾಯವಲ್ಲ. ವಿಧವೆಯನ್ನು ಶೃಂಗಾರಕ್ಕೆ ಆಲಂಬನವಾಗಿ ನಿಲ್ಲಿಸುವುದೇ ಅನೌಚಿತ್ಯವೆಂದು ಬಹುಜನರು ತಿಳಿದಿದ್ದ ಕಾಲದಲ್ಲಿ, ಆಲಂಬನದ ಯೋಗ್ಯತೆಯನ್ನೇ ಮೊದಲು ಸ್ಥಾಪಿಸಬೇಕಾಗಿದ್ದಿತು. ನೆಲವನ್ನು ಹದಮಾಡುವವನನ್ನು ಬೆಳೆಯೆಲ್ಲಿ ಎಂದು ಕೇಳಬಾರದು. ವೆಂಕಟರಾಯರು ಹದಮಾಡಿದ ನೆಲದಲ್ಲಿಯೇ ಮುಂದಿನವರು ಬಿತ್ತಿದರು.

೪

‘ಮಲೆಗಳಲ್ಲಿ ಮದುಮಗಳು’ ಪ್ರಕಟವಾದುದು ಅರುವತ್ತೆಂಟು ವರ್ಷಗಳ ತರುವಾಯ; ಆದರೆ ಅದರ ಕಥೆಯು ನಡೆಯುವುದು ‘ಇಂದಿರಾಬಾಯಿ’ಯ ಕಾಲದಲ್ಲಿಯೇ, ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನಲ್ಲಿ. ಇಲ್ಲಿ ಪ್ರಣಯಿಗಳು ಒಂದು ಜೋಡಿಯಲ್ಲ. ಕೋಣೂರಿನ ಮುಕುಂದಯ್ಯನೂ ಹೂವಳ್ಳಿಯ ಚಿನ್ನಮ್ಮನೂ ಗೌಡರ ಮನೆತನದವರು. ಐತನೂ ಪೀಂಚಲುವೂ ಕೂಲಿಯ ಆಳುಗಳು. ಗುತ್ತಿಯೂ ತಿಮ್ಮಿಯೂ ಅಸ್ಪೃಶ್ಯರೆನಿಸಿದ್ದ ಹೊಲೆಯರು. ಗುತ್ತಿಯು ಸಿಂಬಾವಿ ಹೆಗ್ಗಡೆಯ ಜೀತದವನು.

ಚಿನ್ನಮ್ಮನ ತಡೆಯು ಪರಿಚಿತವಾದುದು: ತಂದೆಯು ಅವಳನ್ನು ಮೊದಲ ಹೆಂಡತಿಯಿರುವ ಸಿಂಬಾವಿ ಭರಮೈಹೆಗ್ಗಡೆಗೆ ಕೊಡಲು ನಿಶ್ಚಯಿಸುವನು, ಅವಳು ಮದುವೆಯ ಹಿಂದಿನ ರಾತ್ರಿ ಪೀಂಚಲುವಿನ ನೆರವಿನಿಂದ ಕಾಡನ್ನು ಸೇರುವಳು. ಗುತ್ತಿತಿಮ್ಮಿಯರ ತಡೆಯು ಬೇರೆ. ಜೀತದಾಳಿನ ಮದುವೆಯು ಅವನದಲ್ಲ, ಒಡೆಯನದು. ತಿಮ್ಮಿಯ ಒಡೆಯನು ಬೇರೆ, ಗುತ್ತಿಯ ಒಡೆಯನು ಬೇರೆ. ಆಳು ಹೆಣ್ಣೊಂದು ಇನ್ನೊಬ್ಬನ ಹಟ್ಟಿಗೆ ಹೋದರೆ ಒಬ್ಬನ ಸೊತ್ತು ಮತ್ತೊಬ್ಬನಿಗೆ ಹೋದಂತೆ. ಮಮ್ಮಟನ ಐದು ಹೇತುಗಳಲ್ಲಿಯಾಗಲಿ ವಿಶ್ವನಾಥನ ನಾಲ್ಕರಲ್ಲಿಯಾಗಲಿ ಈ ತಡೆಗೆ ಹೆಸರಿಲ್ಲ. ಅಭಿಲಾಷವನ್ನು ಹೇಳುವಾಗ ‘ಪಾರತಂತ್ರ್ಯ’ವೆಂಬ ಮಾತು ವ್ಯಾಖ್ಯಾನಗಳಲ್ಲಿ ಬಂದರೂ, ಅದು ಗುರುಜನರ ಅಧೀನವಾದ ರಾಜಕನ್ಯೆಯ ಪಾರತಂತ್ರ್ಯ, ದೇಹವೇ ಒತ್ತೆಯಾದವರ ಪಾರತಂತ್ರ್ಯವಲ್ಲ.

ಇಲ್ಲಿ ಶಾಸ್ತ್ರವನ್ನು ಅಕ್ಷರಶಃ ಹಿಡಿದವನು ಕಷ್ಟಕ್ಕೆ ಸಿಕ್ಕುವನು. ಅಧಮಪಾತ್ರಗತವಾದ ರತಿಯು ಆಭಾಸವಾದರೆ ಗುತ್ತಿತಿಮ್ಮಿಯರ ಕಥೆಯು ಹಾಸ್ಯಕ್ಕೋ ಬೀಭತ್ಸಕ್ಕೋ ಅಂಗವಾಗಬೇಕು. ಸಹೃದಯನ ಅನುಭವವು ಹಾಗೆ ಹೇಳುವುದಿಲ್ಲ. ಕತ್ತಲೆಯಲ್ಲಿ ಮಳೆಯಲ್ಲಿ ತಿಮ್ಮಿಯನ್ನು ಕರೆದುಕೊಂಡು ಗುತ್ತಿಯು ನಡೆಯುವ ದಾರಿಯೂ, ಹಿಂದೆ ಹಿಂದೆ ಬರುವ ಅವನ ನಾಯಿ ಹುಲಿಯನೂ, ಆಡದೆ ಉಳಿದ ಮಾತುಗಳೂ ವಿಭಾವಾನುಭಾವಗಳಾಗಿ ರತಿಯನ್ನು ನಿರ್ವಿಘ್ನವಾಗಿ ಮುಟ್ಟಿಸುವುವು. ಓದುಗನಿಗೆ ನಗು ಬರುವುದಿಲ್ಲ, ಹೇಸಿಕೆಯೂ ಬರುವುದಿಲ್ಲ. ಹೇಸಿಕೆಯು ಬರುವುದಾದರೆ ಒಡೆಯರ ಉಪ್ಪರಿಗೆಯ ಕಡೆಗೆ ಬರುವುದು. ಮೊದಲ ಹೆಂಡತಿಯು ಮನೆಯಲ್ಲಿರುವಾಗ ಎಳೆಯ ಹುಡುಗಿಯನ್ನು ಬಯಸುವ ಹೆಗ್ಗಡೆಯ ರತಿಯಲ್ಲಿಯೇ ಆಭಾಸದ ಲಕ್ಷಣವು ಪೂರ್ಣವಾಗಿ ಕಾಣುವುದು: ಅದು ಒಬ್ಬರಲ್ಲಿ ಮಾತ್ರ ನೆಲೆಸಿದುದು.

ಹಾಗಾದರೆ ಶಾಸ್ತ್ರವು ಸುಳ್ಳಾಯಿತೆ? ಇಲ್ಲ. ಭರತನು ಹೇಳಿದುದು ಉತ್ತಮ‘ಪ್ರಕೃತಿ’ಯನ್ನು. ಪ್ರಕೃತಿಯೆಂದರೆ ಸ್ವಭಾವ. ಸ್ವಭಾವವು ಕುಲವನ್ನು ಹಿಂಬಾಲಿಸುವುದೆಂಬ ನಂಬಿಕೆಯು ಬಲವಾಗಿದ್ದ ಕಾಲದಲ್ಲಿ ನಾಟಕದ ಉತ್ತಮಪ್ರಕೃತಿಯು ರಾಜಾದಿಗಳಲ್ಲಿ ಹುಡುಕಲ್ಪಟ್ಟಿತು. ಮುಂದಿನ ಲಾಕ್ಷಣಿಕರು ಉದಾಹರಣೆಯನ್ನೇ ಲಕ್ಷಣವೆಂದು ಎಣಿಸಿದರು. ಕವಿಗಳಾದರೋ ಈ ಬೇಲಿಯನ್ನು ಮೊದಲಿನಿಂದಲೂ ದಾಟುತ್ತಲೇ ಇದ್ದರು. ‘ಕುಮಾರಸಂಭವ’ದ ಮೂರನೆಯ ಸರ್ಗದಲ್ಲಿ ವಸಂತವು ಬಂದಾಗ ದುಂಬಿಗಳ ಮತ್ತು ಜಿಂಕೆಗಳ ಅನುರಾಗವನ್ನು ಕಾಳಿದಾಸನು ವರ್ಣಿಸಿರುವುದು ಸರ್ವವಿದಿತ. ತಿರ್ಯಗ್ಗತವಾದ ರತಿಯು ಆಭಾಸವೆಂದು ಲಾಕ್ಷಣಿಕರು ಹೆಸರಿಟ್ಟರೂ ಆ ಪದ್ಯಗಳ ಸೊಗಸು ಕಡಮೆಯಾಗಲಿಲ್ಲ. ಪ್ರಕೃತಿಯೆಂಬುದನ್ನು ಕುಲವೆಂದು ತಿಳಿಯದೆ ಸ್ವಭಾವವೆಂದೇ ತಿಳಿದರೆ, ಪ್ರಾಣವನ್ನು ಒಡ್ಡಿ ನಲ್ಲೆಯನ್ನು ಕಾಯುವ ಗುತ್ತಿಯು ಉತ್ತಮಪ್ರಕೃತಿಯವನು. ಆಗ ಶಾಸ್ತ್ರವೂ ಉಳಿಯುವುದು, ಕಾವ್ಯವೂ ಉಳಿಯುವುದು.

ಗ್ರಂಥದಲ್ಲಿ ದೋಷವಿಲ್ಲವೆಂದಲ್ಲ. ಅದರ ವಿಸ್ತಾರವು ಕೆಲವೆಡೆ ರಸವನ್ನು ಬಿಟ್ಟು ವಸ್ತುಸಂಗ್ರಹಕ್ಕೆ ತೊಡಗುವುದು. ಮುಕುಂದಯ್ಯ ಚಿನ್ನಮ್ಮರ ಪ್ರಣಯದಲ್ಲಿ ಆದರ್ಶದ ಬಣ್ಣವು ತುಸು ದಟ್ಟವಾಯಿತು. ಆ ಜೋಡಿಗಿಂತ ಐತಪೀಂಚಲುಗಳ ಮನೆವಾರ್ತೆಯಲ್ಲಿಯೇ ಸಂಭೋಗಶೃಂಗಾರವು ಹೆಚ್ಚು ಸಹಜವಾಗಿ ಬಂದಿದೆ. ದೊಡ್ಡವರ ಮದುವೆಗೆ ಚಿಕ್ಕವರ ದಾಂಪತ್ಯವು ನೆರವಾಗುವ ಈ ಕ್ರಮವು ಹಳೆಯ ಕಥೆಗಳಲ್ಲಿ ಸಖಿಯು ಮಾಡುತ್ತಿದ್ದ ಕೆಲಸವನ್ನು ನೆನಪಿಗೆ ತರುವುದು; ಭೇದವೇನೆಂದರೆ ಇಲ್ಲಿಯ ಸಖಿಗೆ ತನ್ನದೇ ಆದ ಕಥೆಯುಂಟು.

೫

‘ವಂಶವೃಕ್ಷ’ದಲ್ಲಿಯೂ ನಾಯಿಕೆಯು ವಿಧವೆಯೇ. ಕಪಿಲೆಯ ಪ್ರವಾಹದಲ್ಲಿ ಗಂಡನನ್ನು ಕಳೆದುಕೊಂಡ ಕಾತ್ಯಾಯನಿಯು ನಂಜನಗೂಡಿನಿಂದ ಮೈಸೂರಿಗೆ ಓದಲು ಹೋಗಿ, ಅಧ್ಯಾಪಕನಾದ ರಾಜನಲ್ಲಿ ಅನುರಕ್ತೆಯಾಗಿ ಅವನನ್ನು ಮದುವೆಯಾಗುವಳು. ‘ಇಂದಿರಾಬಾಯಿ’ಯು ಮುಗಿದ ಸ್ಥಳದಲ್ಲಿಯೇ ಈ ಕಥೆಯ ನಿಜವಾದ ಆರಂಭ. ಹೊರಗಿನ ತಡೆಯು ಇಲ್ಲಿ ಸ್ವಲ್ಪವೇ. ಮಾವನಾದ ಶ್ರೀನಿವಾಸ ಶ್ರೋತ್ರಿಗಳು ಅವಳನ್ನು ಬಲಾತ್ಕಾರವಾಗಿ ತಡೆಯುವವರಲ್ಲ. ನಿರ್ಣಯವನ್ನು ಅವಳಿಗೇ ಬಿಡುವರು. ಆ ಔದಾರ್ಯವೇ ಅವಳಿಗೆ ಹೆಚ್ಚು ಭಾರವಾಗುವುದು. ಮಗನನ್ನು ಕರೆದೊಯ್ಯಲು ಬಂದವಳು ಬರಿಗೈಯಲ್ಲಿ ಹಿಂದಿರುಗುವಳು. ತರುವಾಯ ಗರ್ಭಗಳು ನಿಲ್ಲುವುದಿಲ್ಲ. ಬೆಳೆದ ಮಗನು ಅವಳನ್ನು ತಾಯಿಯೆಂದು ಒಪ್ಪುವುದಿಲ್ಲ. ಅವಳು ಕೃಶಳಾಗಿ ಕಡೆಗೆ ಪ್ರಾಣವನ್ನು ಬಿಡುವಳು.

ತಡೆಯು ಹೊರಗಿನಿಂದ ಒಳಕ್ಕೆ ಬಂದಿರುವುದು ಈ ಗ್ರಂಥದ ಮುಖ್ಯವಾದ ಲಾಭ. ವಿವಾಹವಾದ ಮೇಲೆಯೂ, ಒಂದೇ ಮನೆಯಲ್ಲಿ ಇದ್ದುಕೊಂಡೇ, ದಂಪತಿಗಳು ಅಗಲಿರುವುದೆಂಬ ವಿಪ್ರಲಂಭವನ್ನು ಹಳೆಯ ಕಥೆಗಳು ಮಾನವೆಂಬ ಅಲ್ಪಕಾಲದ ಮುನಿಸಿನಲ್ಲಿ ಮಾತ್ರ ಕಂಡಿದ್ದವು. ಕಾತ್ಯಾಯನಿಯ ಅಗಲಿಕೆಯು ಗಂಡನ ಮೇಲಣ ಮುನಿಸಲ್ಲ. ತನ್ನ ಮೇಲಣ ಸಂಶಯ. ಇದನ್ನು ಇಷ್ಟು ತಾಳ್ಮೆಯಿಂದ ಅನುಸರಿಸಿದ ಗ್ರಂಥವು ವಿರಳ.

ಆದರೆ ಒಂದು ಆಕ್ಷೇಪವನ್ನು ಮಾಡಲೇಬೇಕಾಗಿದೆ. ಮನಸ್ಸಿನ ಸಂಶಯವು ದೇಹದ ಮೇಲೆ ಮತ್ತೆ ಮತ್ತೆ ಗರ್ಭಪಾತವಾಗಿ ಬೀಳುವಾಗ, ಅದು ಸಂಶಯದ ಕಾರ್ಯವೋ ಗ್ರಂಥಕರ್ತರ ತೀರ್ಪೋ ಎಂಬ ಶಂಕೆಯು ಹುಟ್ಟುವುದು. ಒಂದು ಸಲವಾದರೆ ಲೋಕಸ್ವಭಾವ; ಪುನಃ ಪುನಃ ಆದರೆ ಶಾಪದ ಛಾಯೆ. ಪುರುಷನಾದ ಸದಾಶಿವರಾಯನು ಹೆಂಡತಿಯಿರುವಾಗಲೇ ತನ್ನ ಗ್ರಂಥರಚನೆಗೆ ಸಹಾಯಕಳಾದ ಕರುಣಾರತ್ನೆಯನ್ನು ಮದುವೆಯಾದರೂ ಅವನ ದೇಹಕ್ಕೆ ಇಂತಹ ನಿಯತವಾದ ದಂಡನೆಯು ಬರುವುದಿಲ್ಲವಷ್ಟೆ. ‘ಕಾದಂಬರಿ’ಯ ಶಾಪಕ್ಕೆ ಅವಧಿಯುಂಟು, ವಿಮೋಚನೆಯುಂಟು. ಕಾತ್ಯಾಯನಿಯ ಶಾಪಕ್ಕೆ ಶಪಿಸಿದವರೂ ಇಲ್ಲ, ಅವಧಿಯೂ ಇಲ್ಲ. ಹೀಗಾಗಿ ಶಾಪವನ್ನು ನಂಬದ ಯುಗದ ಕಾದಂಬರಿಯು ಹಳೆಯ ಕಥೆಗಿಂತ ಕಠಿನವಾದ ಶಾಪವನ್ನು ಹೊತ್ತುಕೊಂಡಿತು.

ಇದಕ್ಕೆ ಸಮಾಧಾನವನ್ನೂ ಗ್ರಂಥದಲ್ಲಿಯೇ ಹುಡುಕಬಹುದು. ಯಾವ ವಂಶಶುದ್ಧಿಯ ಹೆಸರಿನಲ್ಲಿ ಕಾತ್ಯಾಯನಿಯು ತನ್ನನ್ನು ಅಪರಾಧಿನಿಯೆಂದು ಎಣಿಸುವಳೋ, ಆ ವಂಶದ ಶುದ್ಧಿಯೇ ಸಂದಿಗ್ಧವೆಂಬುದು ಶ್ರೋತ್ರಿಗಳಿಗೆ ತಮ್ಮ ಜನ್ಮವೃತ್ತಾಂತದಿಂದ ಕೊನೆಗೆ ತಿಳಿಯುವುದು. ಹಾಗಿದ್ದರೆ ಅವಳನ್ನು ಸುಟ್ಟ ಶಾಪವು ಆಧಾರವಿಲ್ಲದ್ದು. ಅವಳು ಪಟ್ಟ ಸಂಕಟವು ನಿಷ್ಕಾರಣವಾದುದು. ಈ ದೃಷ್ಟಿಯಿಂದ ನೋಡಿದರೆ ಗ್ರಂಥದ ಅಂಗಿಯಾದ ರಸವು ಕರುಣವೆಂದೂ, ಶೃಂಗಾರವು ಅದಕ್ಕೆ ಅಂಗವೆಂದೂ ಒಪ್ಪಬೇಕು. ವ್ಯುತ್ಪತ್ತಿಯ ಕೊರತೆಯಿಂದಾದ ದೋಷವನ್ನು ಕವಿಯ ಶಕ್ತಿಯು ಮರೆಸಬಲ್ಲುದೆಂದು ಆನಂದವರ್ಧನನು ಹೇಳಿರುವನು. ಭೈರಪ್ಪನವರ ಶಕ್ತಿಯು ಈ ದೋಷವನ್ನು ಓದುವ ಕಾಲದಲ್ಲಿ ಮರೆಸುವುದು. ಪುಸ್ತಕವನ್ನು ಮುಚ್ಚಿದ ಮೇಲೆ ಅದು ಮತ್ತೆ ತಲೆಯೆತ್ತುವುದು.

೬

ಕೊನೆಯದಾಗಿ ‘ಬೆಳ್ಳಿಮೋಡ’. ತ್ರಿವೇಣಿಯವರು (೧೯೨೮–೧೯೬೩) ಅಲ್ಪಾಯುಷ್ಯದಲ್ಲಿಯೇ ಬಹುಸಂಖ್ಯೆಯ ಓದುಗರನ್ನು ಸಂಪಾದಿಸಿದವರು. ೧೯೬೭ರಲ್ಲಿ ಪುಟ್ಟಣ್ಣ ಕಣಗಾಲರು ಈ ಕಥೆಯನ್ನು ಚಲಚ್ಚಿತ್ರವಾಗಿಸಿದುದರಿಂದ ಇದು ಓದದವರಿಗೂ ಪರಿಚಿತವಾಯಿತು. ಪಂಡಿತರ ಕೈಗೆ ಬಾರದೆ ಹೋದುದಕ್ಕೆ ಈ ಜನಪ್ರಿಯತೆಯೂ ಒಂದು ಕಾರಣವಿರಬಹುದು. ಆದರೆ ನಾಲ್ಕು ಗ್ರಂಥಗಳಲ್ಲಿ ವಿಪ್ರಲಂಭದ ಹೇತುವನ್ನು ಅತ್ಯಂತ ನಿಷ್ಕೃಷ್ಟವಾಗಿ ಇಟ್ಟಿರುವುದು ಇದೇ.

ಇಲ್ಲಿಯ ನಾಯಿಕೆಯ ಹೆಸರೂ ಇಂದಿರೆ. ಮಲೆನಾಡಿನ ತೋಟದ ಒಡೆಯನಿಗೆ ಒಬ್ಬಳೇ ಮಗಳು. ಮೋಹನನು ಅವಳ ತಂದೆಯ ಹಣದಿಂದ ಅಮೆರಿಕಕ್ಕೆ ಹೋಗಿ ಓದುವನು. ಮರಳಿ ಬಂದ ಮೇಲೆ ವಿವಾಹವೆಂದು ನಿಶ್ಚಯ. ಅಷ್ಟರಲ್ಲಿ ಇಂದಿರೆಯ ತಾಯಿಗೆ ಗಂಡುಮಗುವು ಹುಟ್ಟುವುದು. ತೋಟವು ಇಂದಿರೆಗೆ ಬರುವುದಿಲ್ಲವೆಂದು ತಿಳಿದೊಡನೆ ಮೋಹನನು ಹಿಂಜರಿಯುವನು. ಮುಂದೆ ಅಪಘಾತದಲ್ಲಿ ಅವನ ಕಾಲು ಮುರಿಯುವುದು, ಇಂದಿರೆಯು ಅವನ ಶುಶ್ರೂಷೆಯನ್ನು ಮಾಡುವಳು, ಅವನು ಪಶ್ಚಾತ್ತಾಪಪಟ್ಟು ಕೈಹಿಡಿಯಲು ಬರುವನು, ಅವಳು ಒಲ್ಲೆನೆನ್ನುವಳು.

ಈ ನಿರಾಕರಣವು ಕಥೆಯನ್ನು ಒಡೆಯಿತೆಂದು ನೊಂದುಕೊಂಡ ಓದುಗರು ಬಹುಮಂದಿ. ಪಶ್ಚಾತ್ತಾಪಕ್ಕೆ ಕ್ಷಮೆಯಿಲ್ಲವೆ, ಶುಶ್ರೂಷೆ ಮಾಡಿದವಳಿಗೆ ಪ್ರೇಮವಿಲ್ಲವೆ ಎಂಬುದು ಅವರ ಪ್ರಶ್ನೆ. ಶಾಸ್ತ್ರವು ಇಲ್ಲಿ ನೆರವಿಗೆ ಬರುವುದು. ರತಿಯು ಉಭಯನಿಷ್ಠವಾಗಿರಬೇಕು. ಮೋಹನನ ರತಿಯು ಇಂದಿರೆಯಲ್ಲಿ ನೆಲೆಸಿತ್ತೋ ತೋಟದಲ್ಲಿ ನೆಲೆಸಿತ್ತೋ ಎಂಬುದು ತಮ್ಮನು ಹುಟ್ಟುವವರೆಗೆ ಯಾರಿಗೂ, ಬಹುಶಃ ಮೋಹನನಿಗೂ, ತಿಳಿದಿರಲಿಲ್ಲ. ಮಗುವೊಂದು ಹುಟ್ಟಿದ ಮಾತ್ರದಿಂದ ಆಲಂಬನವೇ ಬದಲಾಗಿ ಹೋದ ಮೇಲೆ, ಅದುವರೆಗೆ ಕಂಡ ಶೃಂಗಾರವೆಲ್ಲವೂ ಆಭಾಸವೆಂದು ಸಿದ್ಧವಾಯಿತು. ಪಶ್ಚಾತ್ತಾಪವು ದೋಷವನ್ನು ತೊಳೆಯಬಲ್ಲುದು. ಇಲ್ಲದಿದ್ದ ರತಿಯನ್ನು ಹಿಂದಿನಿಂದ ಉಂಟುಮಾಡಲಾರದು. ಇಂದಿರೆಯು ರೋಗಿಗೆ ಮಾಡಿದ ಶುಶ್ರೂಷೆಯು ದಯೆ. ಅದನ್ನು ಪ್ರೇಮವೆಂದು ತಿಳಿದುದು ಮೋಹನನ ಎರಡನೆಯ ತಪ್ಪು.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಆಭಾಸವನ್ನು ಕಂಡುಹಿಡಿಯುವುದು ಈವರೆಗೆ ಲಾಕ್ಷಣಿಕನ ಕೆಲಸವಾಗಿತ್ತು. ಗ್ರಂಥದ ಹೊರಗೆ ಕುಳಿತು ಅವನು ಅದನ್ನು ಮಾಡುತ್ತಿದ್ದನು. ‘ಬೆಳ್ಳಿಮೋಡ’ದಲ್ಲಿ ಅದನ್ನು ನಾಯಿಕೆಯೇ ಮಾಡುವಳು. ತನ್ನ ಪ್ರಣಯಕಥೆಗೆ ತಾನೇ ವಿಮರ್ಶಕಳಾಗಿ ನಿಂತು, ಇದು ರಸವಲ್ಲವೆಂದು ನಿರ್ಣಯಿಸಿ, ಕಥೆಯನ್ನು ಮುಗಿಸುವಳು. ಇದನ್ನು ಈರ್ಷ್ಯಾಮಾನವೆನ್ನಲಾಗದು, ಆ ಮಾನವು ಪ್ರಿಯನ ಪ್ರಣಾಮಕ್ಕೆ ಕರಗಲೆಂದೇ ಹುಟ್ಟುವಂಥದು. ಇದು ಕರಗದ ಮಾನ. ಭಾಷೆಯಲ್ಲಿ ‘ಮಾನ’ವೆಂಬ ಒಂದೇ ಶಬ್ದವು ಪ್ರಣಯದ ಮುನಿಸಿಗೂ ಆತ್ಮಗೌರವಕ್ಕೂ ಸಲ್ಲುವುದು. ಮೊದಲನೆಯ ಅರ್ಥವನ್ನು ವಿಪ್ರಲಂಭಹೇತುವಾಗಿ ಲಾಕ್ಷಣಿಕರು ಬಲ್ಲವರಾಗಿದ್ದರು. ಎರಡನೆಯ ಅರ್ಥವನ್ನು ಈ ಕಾದಂಬರಿಯು ಸೇರಿಸಿತು.

ಶೈಲಿಯಲ್ಲಿ ‘ಬೆಳ್ಳಿಮೋಡ’ವು ಸಾಧಾರಣವಾದುದು, ಪ್ರಕೃತಿವರ್ಣನೆಯು ತೆಳುವಾದುದು, ಅಪಘಾತವು ಕಥೆಯ ಅನುಕೂಲಕ್ಕಾಗಿ ಬಂದುದೆಂಬುದನ್ನು ಮರೆಮಾಚಲಾಗುವುದಿಲ್ಲ. ಕುವೆಂಪು ಅವರ ಕಾಡಿನ ಪಕ್ಕದಲ್ಲಿ ತ್ರಿವೇಣಿಯವರ ತೋಟವು ಚಿಕ್ಕದಾಗಿ ಕಾಣುವುದು. ಆದರೆ ಚಿಕ್ಕ ಗ್ರಂಥವು ತನ್ನ ಒಂದೇ ಪ್ರಶ್ನೆಯನ್ನು ಕೊನೆಯವರೆಗೆ ಬಿಡದೆ ಹಿಡಿದು ನಡೆದಿದೆ. ಅಂತ್ಯವನ್ನು ಬದಲಾಯಿಸಿ ಇಂದಿರೆಗೆ ಮಂಗಳಸೂತ್ರವನ್ನು ಕಟ್ಟಿಸಿದ್ದರೆ ಓದುಗರ ಕಣ್ಣೀರು ನಿಲ್ಲುತ್ತಿತ್ತು. ಗ್ರಂಥವೂ ಅಲ್ಲಿಗೇ ನಿಲ್ಲುತ್ತಿತ್ತು.

೭

ಇಷ್ಟು ವಿಚಾರದಿಂದ ಕೆಲವು ಅಂಶಗಳು ನಿಷ್ಪನ್ನವಾಗುವುವು. ಮೊದಲನೆಯದಾಗಿ, ‘ಇಂದಿರಾಬಾಯಿ’ಯಲ್ಲಿ ತಡೆಯು ಆಚಾರ, ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ ಒಡೆತನ, ‘ವಂಶವೃಕ್ಷ’ದಲ್ಲಿ ಅಂತರಂಗದ ಸಂಶಯ, ‘ಬೆಳ್ಳಿಮೋಡ’ದಲ್ಲಿ ವಿವೇಕ. ಸಾಲಾಗಿ ನೋಡಿದರೆ ಹೇತುವು ಹೊರಗಿನಿಂದ ಒಳಗೆ ಸರಿದು, ಕಡೆಗೆ ನಾಯಿಕೆಯ ಸ್ವಂತ ನಿರ್ಣಯವಾಗಿ ಪರಿಣಮಿಸಿದೆ. ಇದನ್ನು ಕಾಲಕ್ರಮದ ವಿಕಾಸವೆಂದು ಹೇಳುವಂತಿಲ್ಲ. ಈ ಗ್ರಂಥಗಳು ಪ್ರಕಟವಾದ ಕ್ರಮವು ಬೇರೆ. ಶೃಂಗಾರಕಥೆಯಲ್ಲಿ ಸಾಧ್ಯವಾದ ನಾಲ್ಕು ನೆಲೆಗಳೆಂದು ಇವನ್ನು ಗ್ರಹಿಸಬೇಕು.

ಎರಡನೆಯದಾಗಿ, ಮಹಾಶ್ವೇತೆಯ ತಾಳ್ಮೆಯನ್ನು ಕೊಂಡಾಡಿದವರು ತೋಟದ ಇಂದಿರೆಯ ನಿರಾಕರಣವನ್ನು ಕಠೋರವೆನ್ನುವುದು ಯುಕ್ತವಲ್ಲ. ಮಹಾಶ್ವೇತೆಯು ಕಾದುದು ತನ್ನಲ್ಲಿಯೇ ರತಿಯನ್ನಿಟ್ಟು ಸತ್ತವನಿಗಾಗಿ. ಇಂದಿರೆಗೆ ಕಾಯುವುದಕ್ಕೆ ಅಂತಹವನು ಇರಲಿಲ್ಲ. ಇಬ್ಬರೂ ಒಂದೇ ನಿಯಮವನ್ನು ಪಾಲಿಸಿದರು: ರತಿಯು ಇದ್ದೆಡೆಯಲ್ಲಿ ಜನ್ಮಾಂತರದವರೆಗೂ ನಿಲ್ಲುವುದು, ಇಲ್ಲದೆಡೆಯಲ್ಲಿ ಒಂದು ಗಳಿಗೆಯೂ ನಿಲ್ಲದಿರುವುದು.

ಮೂರನೆಯದು ಅಧ್ಯಾಪಕರಿಗೆ ಸಂಬಂಧಿಸಿದುದು. ರಸಾಭಾಸಪ್ರಕರಣವನ್ನು ಪಾಠ ಹೇಳುವಾಗ ಹಳೆಯ ಶ್ಲೋಕಗಳೊಡನೆ ಗುತ್ತಿತಿಮ್ಮಿಯರನ್ನೂ ಮೋಹನನನ್ನೂ ಉದಾಹರಿಸಿದರೆ ವಿದ್ಯಾರ್ಥಿಗೆ ಲಕ್ಷಣದ ಬಲವೂ ತಿಳಿಯುವುದು, ಅದರ ಮೇರೆಯೂ ತಿಳಿಯುವುದು. ಉಭಯನಿಷ್ಠತೆಯ ನಿಯಮವು ಮೋಹನನನ್ನು ಸರಿಯಾಗಿ ಅಳೆಯುವುದು. ಅಧಮಪಾತ್ರದ ನಿಯಮವು ಗುತ್ತಿಯನ್ನು ಅಳೆಯಲು ಹೋಗಿ ತಾನೇ ಸಣ್ಣದಾಗುವುದು. ಶಾಸ್ತ್ರದಲ್ಲಿ ಯಾವುದು ಜೀವವುಳ್ಳದ್ದು, ಯಾವುದು ಒಂದು ಕಾಲದ ಆಚಾರ ಮಾತ್ರ ಎಂಬುದನ್ನು ವಾದದಿಂದ ಬೇರ್ಪಡಿಸುವುದು ಕಷ್ಟ. ಒಳ್ಳೆಯ ಕಥೆಗಳು ಅದನ್ನು ಸುಲಭವಾಗಿ ಮಾಡುವುವು. ಪ್ರಣಯಕಾದಂಬರಿಗಳನ್ನು ಪಂಡಿತರು ಓದಬೇಕಾದುದು ಇದಕ್ಕಾಗಿ. ಆ ಗ್ರಂಥಗಳಿಗೆ ಶಾಸ್ತ್ರದಿಂದ ಗೌರವವು ದೊರೆಯುವುದು ಎಷ್ಟು ನಿಜವೋ, ಶಾಸ್ತ್ರಕ್ಕೆ ಆ ಗ್ರಂಥಗಳಿಂದ ಆಯುಸ್ಸು ದೊರೆಯುವುದೂ ಅಷ್ಟೇ ನಿಜ.